ಗೋಡೆಯ ಮೇಲೆ ಎಂಟು ಗೆರೆ

೧೨ ಜೂನ್ ೧೯೮೬
ಕಬ್ಬೂರ

ಅವ್ವಾ,

ಈ ತಿಂಗಳ ಎರಡನೇ ತಾರೀಖು ಇಲ್ಲಿಯ ಆರೋಗ್ಯ ಉಪಕೇಂದ್ರದಲ್ಲಿ ಕೆಲಸಕ್ಕೆ ಸೇರಿದೆ. ಕೇಂದ್ರಕ್ಕೆ ಅಂಟಿಕೊಂಡಂತೆ ಒಂದು ಕೋಣೆ, ಒಂದು ಅಡುಗೆಮನೆ ಕೊಟ್ಟಿದ್ದಾರೆ. ಹೆಂಚು ಎರಡು ಕಡೆ ಒಡೆದಿದೆ. ಹಿತ್ತಲಿನಲ್ಲಿ ಬಾಗಿಲಿರುವ, ಒಳಗಿನಿಂದ ಚಿಲಕ ಹಾಕಿಕೊಳ್ಳಬಹುದಾದ ಪಾಯಖಾನೆ ಇದೆ. ಉಳಿದೆಲ್ಲಕ್ಕಿಂತ ಮೊದಲು ನಿನಗೆ ಇದನ್ನು ತಿಳಿಸಬೇಕು ಅನ್ನಿಸಿತು.

ಲಗಮಣ್ಣ ಕಾಕಾ, ಇದನ್ನು ಅವ್ವನಿಗೆ ನಿಧಾನವಾಗಿ ಓದಿ ಹೇಳಿರಿ. ನಡುವೆ ಅವಳು "ಸಾಕ ಬಿಡ್ರಿ ಮಾಸ್ತರ್" ಅಂದರೂ ನಿಲ್ಲಿಸಬೇಡಿರಿ. ಅವಳ ಉತ್ತರ ಬರೆದುಕೊಡುವ ಕೆಲಸವೂ ನಿಮ್ಮ ಮೇಲೆಯೇ ಬೀಳುತ್ತದೆ. ಮೂವತ್ತಾರು ವರ್ಷ ಶಾಲೆಯಲ್ಲಿ ಮಕ್ಕಳ ಬರಹ ತಿದ್ದಿದವರು ಪಕ್ಕದ ಮನೆಯಲ್ಲಿದ್ದಾರೆ ಎಂಬ ಧೈರ್ಯದಿಂದಲೇ ನಾನು ಅವಳನ್ನು ಒಬ್ಬಳನ್ನೇ ನಿಪ್ಪಾಣಿಯಲ್ಲಿ ಬಿಟ್ಟು ಬಂದಿದ್ದೇನೆ.

ಅವ್ವಾ, ನನ್ನ ಕೆಲಸ ಬೆಳಗ್ಗೆ ಎಂಟಕ್ಕೆ ಶುರು. ಆಯಾ ರುಕ್ಮವ್ವನ ಜೊತೆ ಮನೆಮನೆಗೆ ಹೋಗಿ ಚಿತ್ರದ ಹಾಳೆ ತೋರಿಸುತ್ತೇನೆ. ನೀರು ಕಾಸಿ ಆರಿಸಿ ಕುಡಿಯಿರಿ, ಉಣ್ಣುವ ಮೊದಲು ಕೈ ತೊಳೆಯಿರಿ, ಬಾಯಾರುವವರೆಗೆ ಕಾಯದೆ ನೀರು ಕುಡಿಯಿರಿ. ನಿನ್ನೆ ಕಬ್ಬಿನ ಗದ್ದೆಯ ವಿರುಪಾಕ್ಷಪ್ಪನವರು ಎಲ್ಲವನ್ನೂ ಕೇಳಿಸಿಕೊಂಡು, "ನರ್ಸಬಾಯಾರ, ಇಷ್ಟ ದಿನ ಅನ್ನಕ್ಕ ಅಡಗಿ ಮಾಡತಿದ್ವಿ. ಇನ್ನ ನೀರಿಗೂ ಅಡಗಿ ಮಾಡ್ಬೇಕಂತೀರಿ?" ಅಂದರು. ಎಲ್ಲರೂ ನಕ್ಕರು. ನಾನೂ ನಕ್ಕೆ.

ಊರಿಗೆ ಹೇಳುವ ಮಾತನ್ನು ನಿನಗೆ ಹೇಳದೆ ಹೇಗೆ ಇರಲಿ? ನೀನು ಕುಡಿಯುವುದು ನಸುಕಿನಲ್ಲಿ ರೊಟ್ಟಿಯ ಜೊತೆ ಒಂದು ಗಿಲಾಸು ನೀರು, ಸಂಜೆ ತಂಬಾಕಿನ ವಖಾರಿಯ ಕೆಲಸದಿಂದ ಬಂದ ಮೇಲೆ ಎರಡು. ನಡುವಿನ ಹತ್ತು ತಾಸು ನಾಲಿಗೆಯ ಕೆಳಗೆ ಒಂದು ಹುಣಸೆ ಬೀಜ. ಅದನ್ನು ಚೀಪುತ್ತಿದ್ದರೆ ಬಾಯಿ ಒಣಗುವುದಿಲ್ಲ, ನೀರು ಬೇಕೆನಿಸುವುದಿಲ್ಲ, ಹೊರಗೆ ಹೋಗುವ ಪ್ರಸಂಗ ಬರುವುದಿಲ್ಲ ಎಂದು ವಖಾರಿಗೆ ಹೊಸದಾಗಿ ಬಂದವರಿಗೆಲ್ಲ ನೀನೇ ಕಲಿಸುತ್ತೀ. ಐದನೇ ಇಯತ್ತೆಗೆ ಹೋಗುವಾಗ ನನಗೂ ಕಲಿಸಿದ್ದೆ, ಶಾಲೆಯಲ್ಲಿ ಹುಡುಗಿಯರಿಗೆ ಹೊರಗೆ ಹೋಗಲು ಜಾಗವಿರಲಿಲ್ಲವೆಂದು. ಅದನ್ನು ಬಿಡಲು ತರಬೇತಿಗೆ ಹೋದಾಗ ನನಗೆ ಒಂದು ವರ್ಷ ಹಿಡಿಯಿತು.

ನೀನೂ ಆ ಬೀಜ ಬಿಡು. ಇನ್ನು ಮೇಲೆ ದಿನಕ್ಕೆ ಎಂಟು ಗಿಲಾಸು. ಕುಡಿದಾಗೊಮ್ಮೆ ಒಲೆಯ ಪಕ್ಕದ ಗೋಡೆಗೆ ಇದ್ದಿಲಿನಿಂದ ಒಂದು ಗೆರೆ ಎಳೆ. ವಖಾರಿಯಲ್ಲಿ ಕುಡಿದದ್ದನ್ನು ಬೆರಳಲ್ಲಿ ಎಣಿಸಿಕೊಂಡು ಬಂದು ಸಂಜೆ ಎಳೆ. ಚಿಕ್ಕೋಡಿಯಲ್ಲಿ ಹಸಿರು ಬಣ್ಣದ, ಹೆಗಲಿಗೆ ಹಾಕಿಕೊಳ್ಳುವ ವಾಟರ್ ಬಾಟಲಿ ಕೊಂಡು ನಿಪ್ಪಾಣಿ ಬಸ್ಸಿನ ಕಂಡಕ್ಟರ್ ಅಣ್ಣಾಸಾಬರ ಕೈಯಲ್ಲಿ ಕಳಿಸಿದ್ದೇನೆ. ತುಂಬಿಕೊಂಡು ಹೋಗು, ಖಾಲಿ ಮಾಡಿಕೊಂಡು ಬಾ.

ನಿನ್ನ
ಸುಂದರಾ


೨೯ ಜೂನ್ ೧೯೮೬
ನಿಪ್ಪಾಣಿ

(ಹೇಳಿದವರು ಸಕ್ಕುಬಾಯಿ, ಬರೆದವನು ಲಗಮಣ್ಣ. ಅವರ ಮಾತನ್ನು ತಿದ್ದದೆ ಬರೆದಿದ್ದೇನೆ.)

ಸುಂದ್ರಾ,

ನಿನ್ನ ಪತ್ರ ಮಾಸ್ತರು ಎರಡ ಸಲ ಓದಿ ಹೇಳ್ಯಾರ. ಬಾಟ್ಲಿ ಮುಟ್ಟೇತಿ. ಹೆಗಲಿಗೆ ಹಾಕ್ಕೊಂಡ ಹೊಂಟ್ರ ವಖಾರ್ಯಾಗಿನ ಜನಾಬಾಯಿ ನೋಡಿ ನಗತಾಳ, "ಏನ ಸಕ್ಕುಬಾಯಿ, ಬಾಲವಾಡಿಗಿ ಹೊಂಟೀಯೇನ?" ಅಂತ. ಎಂಟ ಗಿಲಾಸ ಕುಡ್ಯಾಕ ನಾ ಏನ ಎಮ್ಮಿ ಅದೀನೇನ? ಆದ್ರೂ ನೀ ಕಲ್ತಾಕಿ, ನೀ ಹೇಳಿದಂಗ ಮಾಡಬೇಕ. ಇವತ್ತಿಗಿ ನಾಕ ದಿನ ಆತು, ಕುಡ್ಯಾಕತ್ತೀನಿ. ಹೊಟ್ಟಿ ತಣ್ಣಗ ಅನಸ್ತೈತಿ, ಖರೆ. ತೆಲಿನೋವು ಕಮ್ಮಿ ಆಗೇತಿ. ಸಣ್ಣಾಕಿದ್ದಾಗ ಅಕ್ಕೋಳದಾಗ ದನ ಮೇಸಿ ಬಂದು ನಮ್ಮಪ್ಪನ ಬಾವ್ಯಾಗ ಬೊಗಸಿ ಹಿಡದ ಕುಡೀತಿದ್ದೆ, ಅದು ನೆನಪಾತು. ಆ ನೀರಿನ ರುಚಿ ಮರ್ತ ಬಿಟ್ಟಿದ್ನಿ ನೋಡ.

ಅಲ್ಲಿ ಪಾಯಖಾನಿ ಐತಂತ ಕೇಳಿ ಸಮಾಧಾನ ಆತು. ಚಿಲಕ ಗಟ್ಟಿ ಐತೋ ಇಲ್ಲೋ ನೋಡ್ಕೋ.

ಇನ್ನೊಂದ ಮಾತ ಇತ್ತು. ಅದನ್ನ ಮಾಸ್ತರ ಮುಂದ ಹೆಂಗ ಹೇಳ್ಲಿ. ಬಿಡು.

ಒಡೆದ ಹೆಂಚ ಮಳಿಗಿ ಮೊದಲ ತಿರಗಸಿ ಹಾಕಸು.

ನಿನ್ನ ಅವ್ವ


೧೭ ಆಗಸ್ಟ್ ೧೯೮೬
ಕಬ್ಬೂರ

ಅವ್ವಾ,

ಒಂದೂವರೆ ತಿಂಗಳಾಯಿತು, ನಿನ್ನಿಂದ ಪತ್ರವಿಲ್ಲ. ಮಳೆ ಹಿಡಿದಿದೆ. ಹೆಂಚು ಹಾಕಿಸಿದೆ.

ಕಳೆದ ವಾರ ಇಲ್ಲಿ ವಾಂತಿಭೇದಿ ಎದ್ದಿತ್ತು. ಕುರಿ ಕಾಯುವ ವಿಠೋಬಾನ ಮಗುವಿಗೆ ಹದಿನಾಲ್ಕು ತಿಂಗಳು. ನಾನು ಹೋದಾಗ ಕಣ್ಣು ಒಳಗೆ ಹೋಗಿತ್ತು, ಹೊಟ್ಟೆಯ ಚರ್ಮ ಚಿವುಟಿದರೆ ಹಾಗೇ ನಿಲ್ಲುತ್ತಿತ್ತು. ಬಾಯಿಗೆ ನೀರು ಹಾಕಿದರೆ ಎಲ್ಲ ಹೊರಗೆ ಬರುತ್ತದೆಂದು ಎರಡು ದಿನದಿಂದ ನೀರನ್ನೇ ಕೊಟ್ಟಿರಲಿಲ್ಲ. ಮಗುವಿನ ಅಜ್ಜಿ ಬಾಗಿಲಲ್ಲಿ ಅಡ್ಡ ನಿಂತಳು. "ಮೊದ್ಲ ನೀರ ನೀರ ಹೊಂಟೈತಿ, ಮತ್ತ ನೀರ ಹಾಕ್ತೀಯಾ ಯವ್ವಾ?" ಅಂದಳು. ಕಾಸಿ ಆರಿಸಿದ ನೀರಿಗೆ ಒಂದು ಚಿಟಿಕೆ ಉಪ್ಪು, ಒಂದು ಮುಷ್ಟಿ ಸಕ್ಕರೆ ಕದಡಿ, ಬೆಳಗಿನಿಂದ ಸಂಜೆಯವರೆಗೆ ಚಮಚೆಯಿಂದ ಒಂದೊಂದೇ ಗುಟುಕು ಹಾಕಿದೆ. ನಾಲ್ಕು ಗಂಟೆಗೆ ಮಗು ಅತ್ತಿತು, ಕಣ್ಣಲ್ಲಿ ನೀರು ಬಂತು. ಅಳುವ ಮಗುವನ್ನು ನೋಡಿ ಅಷ್ಟು ಸಂತೋಷ ನನಗೆ ಎಂದೂ ಆಗಿರಲಿಲ್ಲ. ಈಗ ಆ ಅಜ್ಜಿಯೇ ಓಣಿಯವರಿಗೆಲ್ಲ ಚಿಟಿಕೆ ಮುಷ್ಟಿಯ ಲೆಕ್ಕ ಹೇಳಿಕೊಡುತ್ತಾಳೆ.

ನೀನು ಕಳೆದ ಪತ್ರದಲ್ಲಿ ಮಾಸ್ತರ ಮುಂದೆ ಹೇಳಲಾಗದ ಮಾತು ಒಂದಿದೆ ಎಂದಿದ್ದೆ. ಜನಾಬಾಯಿಯ ಕಿವಿಯಲ್ಲಿ ಹೇಳು, ಅವಳ ಸೊಸೆ ಮರಾಠಿಯಲ್ಲಿ ಬರೆದರೂ ನಾನು ಓದಿಕೊಳ್ಳುತ್ತೇನೆ. ಅಥವಾ ನೀನೇ ಬಾ, ಒಂದು ತಿಂಗಳು ಇಲ್ಲಿರು.

ಗೆರೆ ಎಳೆಯುತ್ತಿದ್ದೀಯಾ?

ಸುಂದರಾ


೨೦ ಅಕ್ಟೋಬರ್ ೧೯೮೬
ನಿಪ್ಪಾಣಿ

(ಹೇಳಿದವರು ಸಕ್ಕುಬಾಯಿ.)

ಸುಂದ್ರಾ,

ನಾ ಅರಾಮ ಅದೀನಿ. ಕೂಸು ಉಳೀತು ಅನ್ನೂದ ಕೇಳಿ ಜನಾಬಾಯಿ ಮುಂದ, ಇಡೀ ವಖಾರಿ ಮುಂದ ಹೇಳೀನಿ. ಗೆರಿ ದಿನಾ ಎಂಟ ಬರೋಬರಿ ಅದಾವು. ಆ ಮಾತ ಏನೂ ಇಲ್ಲ, ಮರ್ತ ಹೋಗೇತಿ. ದೀಪಾವಳಿಗಿ ಬಾ. ವಖಾರಿ ಬಿಟ್ಟ ಬರಾಕ ನನಗ ಆಗೂದಿಲ್ಲ. ಸೀಜನ್ ಐತಿ.

ನಿನ್ನ ಅವ್ವ

ನಾನು ಲಗಮಣ್ಣ. ಗೋಡೆಯ ಮೇಲೆ ಗೆರೆಗಳಿವೆ. ನಾನು ನೋಡಿದ್ದೇನೆ. ನನ್ನ ಬಾಗಿಲ ಮುಂದಿನ ತುಳಸಿ ಈ ವರ್ಷ ಎಂದೂ ಇಲ್ಲದಷ್ಟು ಸೊಂಪಾಗಿ ಬೆಳೆದಿದೆ.


೧೮ ಜನವರಿ ೧೯೮೭
ಕಬ್ಬೂರ

ಅವ್ವಾ,

ದೀಪಾವಳಿಗೆ ಬಂದಾಗ ಇದ್ದದ್ದು ಎರಡೇ ದಿನ. ಸರಿಯಾಗಿ ಕೂತು ಮಾತಾಡಲಿಲ್ಲ. ಆದರೆ ಗೋಡೆಯನ್ನು ನೋಡಿದೆ. ಒಲೆಯ ಮೇಲಿನಿಂದ ಹಿಡಿದು ಹಿಂಬಾಗಿಲಿನವರೆಗೆ, ಎಂಟೆಂಟು ಗೆರೆಯ ಸಾಲು, ಒಂದಕ್ಕೊಂದು ಒತ್ತಿಕೊಂಡು. ಅಕ್ಷರ ಬಾರದ ನೀನು ನನ್ನ ಮಾತಿಗೆ ಇಷ್ಟು ಗೌರವ ಕೊಟ್ಟೆಯಲ್ಲ ಎಂದು ಬಸ್ಸಿನಲ್ಲಿ ಕೂತು ಅತ್ತೆ. ಹೋದ ವಾರ ಚಿಕ್ಕೋಡಿಯಲ್ಲಿ ಸಭೆ ಇತ್ತು. ಜನರ ರೂಢಿ ಬದಲಿಸಲು ಏನು ಮಾಡಬೇಕೆಂದು ದೊಡ್ಡ ಡಾಕ್ಟರರು ಕೇಳಿದರು. ನಾನು ಎದ್ದು ನಿಂತು ನಿನ್ನ ಗೋಡೆಯ ವಿಷಯ ಹೇಳಿದೆ. ಅವರು ಅದನ್ನು ಬರೆದುಕೊಂಡರು.

ಒಂದು ಮಾತು ಕೇಳುವುದಿದೆ. ಆಗ ನಿನ್ನ ಮುಖ ಬೆಳಗ್ಗೆ ಊದಿದಂತೆ ಕಂಡಿತು. ನೀನು ನಿದ್ದೆ ಹೆಚ್ಚಾಯಿತು ಎಂದೆ. ಈಗಲೂ ಹಾಗಿದೆಯೇ? ಪಾದವನ್ನು ಬೆರಳಿಂದ ಒತ್ತಿ ನೋಡು. ಗುಳಿ ಬಿದ್ದರೆ ಕೂಡಲೇ ಬರೆಸು.

ಸಂಕ್ರಾಂತಿಯ ಎಳ್ಳುಬೆಲ್ಲ ಅಣ್ಣಾಸಾಬರ ಬಸ್ಸಿನಲ್ಲಿ ಕಳಿಸಿದ್ದೇನೆ. ಒಳ್ಳೊಳ್ಳೆಯ ಮಾತಾಡು, ನಿಜವನ್ನೂ ಆಡು.

ಸುಂದರಾ


೩ ಮಾರ್ಚ್ ೧೯೮೭
ನಿಪ್ಪಾಣಿ

ಚಿ. ಸುಂದರಾ,

ಈ ಪತ್ರವನ್ನು ಯಾರೂ ಹೇಳಿ ಬರೆಸಿದ್ದಲ್ಲ. ಇಷ್ಟು ದಿನ ನಾನು ಅವರು ಹೇಳಿದ್ದನ್ನು ಬರೆದೆ. ಇದು ನನ್ನದೇ.

ನಿನ್ನ ಅವ್ವ ಫೆಬ್ರವರಿ ಇಪ್ಪತ್ತೇಳರಂದು ವಖಾರಿಯಲ್ಲಿ ಬಿದ್ದರು. ಜನಾಬಾಯಿ ಮತ್ತು ನಾನು ಟೆಂಪೋದಲ್ಲಿ ಮಿರಜಕ್ಕೆ ಕರೆದುಕೊಂಡು ಹೋಗಿ ದವಾಖಾನೆಗೆ ಸೇರಿಸಿದ್ದೇವೆ. ಎರಡೂ ಮೂತ್ರಪಿಂಡಗಳಲ್ಲಿ ಹಳೆಯ ಕಲ್ಲುಗಳಿವೆ, ಅವುಗಳ ಹಿಂದೆ ಕೀವು ಕಟ್ಟಿದೆ, ಮೂತ್ರಪಿಂಡ ಈಗ ಉಳಿದಿರುವುದು ಸ್ವಲ್ಪವೇ ಎಂದು ಡಾಕ್ಟರರು ಹೇಳಿದರು. ಎಷ್ಟು ವರ್ಷದಿಂದ ಹೀಗೆ ನೀರು ಕುಡಿಯದೆ ಇದ್ದಾರೆ ಎಂದು ಕೇಳಿದರು. ಜನಾಬಾಯಿ, "ಇಪ್ಪತ್ತಾರ ವರ್ಸಾತ್ರಿ, ವಖಾರಿಗಿ ಬಂದ ದಿನದಿಂದ" ಎಂದಳು. ಅಂದೇ ನಿನಗೆ ತಾರು ಕೊಡಬೇಕಿತ್ತು, ಕೊಡಲಿಲ್ಲ. ತಾರಿನಲ್ಲಿ ಇಷ್ಟೆಲ್ಲ ಹಿಡಿಸುವುದಿಲ್ಲ ಎಂಬುದು ನನ್ನ ನೆಪ.

ಈಗ ಉಳಿದದ್ದನ್ನು ಬರೆಯುತ್ತೇನೆ.

ಜೂನ್ ತಿಂಗಳಲ್ಲಿ ಅವರು ನಿಜವಾಗಿ ಕುಡಿದರು, ನಾಲ್ಕು ದಿನ. ಪತ್ರ ಬರೆಸಿದ ಮರುದಿನ ಜರಡಿ ಹಿಡಿಯುವ ಕೆಲಸವಿತ್ತು. ತಂಬಾಕಿನ ಧೂಳಿಗೆ ಗಾಳಿ ತಾಗಬಾರದೆಂದು ಆ ಹೊತ್ತು ಬಾಗಿಲು ಮುಚ್ಚಿರುತ್ತದೆ. ಅವರು ಎರಡು ಸಲ ಹೊರಗೆ ಹೋಗಿ ಬಂದಿದ್ದರು. ಮೂರನೆಯ ಸಲ ಕೇಳಿದಾಗ ಕೆಲಸದ ಮೇಲ್ವಿಚಾರಕ, ಮುಕಾದಮ ಭೀಮಸಿ, ಹಮಾಲರೆಲ್ಲ ಕೇಳುವಂತೆ, "ಏ ಸಕ್ಕುಬಾಯಿ, ತಂಬಾಕ ಜರಡಿ ಹಿಡ್ಯಾಕ ಬರ್ತೀಯೋ, ಹೊರಗ ತಿರಗಾಕ ಬರ್ತೀಯೋ? ಮಗಳ ನರ್ಸ ಆದ್ಲಂತ ನೀ ಮೇಡಮ್ಮ ಆದೇನ? ಊಟಕ್ಕ ಬಾಗಲ ತಗೀತೀನಿ, ಅಲ್ಲೀಮಟ ಕುಂದ್ರು" ಅಂದ. ಅವರು ಕುಳಿತರು. ಊಟದ ಹೊತ್ತಿನವರೆಗೆ ತಡೆಯಲಾಗಲಿಲ್ಲ. ಕುಳಿತ ಜಾಗದ ಮೇಲೆ ತಂಬಾಕಿನ ಪುಡಿ ಎಳೆದುಕೊಂಡು, ಸಂಜೆ ಎಲ್ಲರೂ ಹೋಗುವವರೆಗೆ ಏಳಲಿಲ್ಲ. ಜನಾಬಾಯಿ ಜೊತೆಗೆ ಕುಳಿತಿದ್ದಳು. ಇದನ್ನು ಹೇಳಿದವಳು ಅವಳೇ, ಮೊನ್ನೆ, ದವಾಖಾನೆಯ ಮೆಟ್ಟಿಲ ಮೇಲೆ.

ಮುಂದಿನದು ನನಗೆ ಗೊತ್ತಿದ್ದದ್ದು. ಅಂದಿನಿಂದ ಪ್ರತಿ ಸಂಜೆ ನಿನ್ನ ಅವ್ವ ವಖಾರಿಯಿಂದ ಬಂದು, ನನ್ನ ಬಾಗಿಲ ಮುಂದೆ ನಿಂತು, ಹಸಿರು ಬಾಟಲಿಯ ನೀರನ್ನೆಲ್ಲ ತುಳಸಿಗೆ ಸುರಿಯುತ್ತಿದ್ದರು. ಬಾಟಲಿ ತುಂಬಿಯೇ ಇರುತ್ತಿತ್ತು. ಆಮೇಲೆ ಒಳಗೆ ಹೋಗಿ ಇದ್ದಿಲು ತೆಗೆದುಕೊಂಡು ಎಂಟೂ ಗೆರೆಗಳನ್ನು ಒಮ್ಮೆಗೇ ಎಳೆಯುತ್ತಿದ್ದರು. ನಾನು ಒಮ್ಮೆ ಕೇಳಿದೆ. "ಹುಡಿಗಿ ನೋಡಿ ಸಂತೋಷ ಪಡತೈತ್ರಿ ಮಾಸ್ತರ್. ಅದು ಊರ ಮಂದಿಗೆಲ್ಲ ಕುಡೀರಿ ಅಂತ ಹೇಳಾಕತ್ತೈತಿ. ಅವ್ವನ ಕುಡಿಲಿಲ್ಲ ಅಂದ್ರ ಅದರ ಮಾತ ಯಾರ ಕೇಳತಾರ?" ಎಂದರು. ಕಾಲು ಬಾತದ್ದನ್ನು ಅಕ್ಟೋಬರಿನಲ್ಲೇ ಕಂಡಿದ್ದೆ. ಪತ್ರ ಹೇಳುತ್ತಿದ್ದವರು ನಡುವೆ ನಿಲ್ಲಿಸಿ, "ಕಾಲಿಂದು ಬರೀಬ್ಯಾಡ್ರಿ, ನನ್ನ ಆಣಿ ಐತಿ" ಎಂದರು. ನಾನು ಬರೆಯಲಿಲ್ಲ. ತುಳಸಿಯ ವಿಷಯ ಬರೆದೆ. ಬುದ್ಧಿವಂತಳು, ತಿಳಿದುಕೊಳ್ಳುತ್ತಾಳೆ ಎಂದುಕೊಂಡೆ. ಹಾಗೆ ಅಂದುಕೊಂಡದ್ದು ನನ್ನ ಅನುಕೂಲಕ್ಕೆ.

ನಿನ್ನ ಜನವರಿಯ ಪತ್ರವನ್ನು ಓದಿ ಹೇಳಿದೆ. ಪಾದ ಒತ್ತಿ ನೋಡು ಎಂಬಲ್ಲಿಗೆ ಬಂದಾಗ ಅವರು ಸೀರೆಯ ನಿರಿಗೆ ಎಳೆದುಕೊಂಡು ಕಾಲು ಮುಚ್ಚಿಕೊಂಡರು. ಉತ್ತರ ಬರೆಸಲಿಲ್ಲ. ನಾನೂ ಕೇಳಲಿಲ್ಲ.

ಕೂಡಲೇ ಮಿರಜಕ್ಕೆ ಬಾ.

ಲಗಮಣ್ಣ


೨೧ ಮಾರ್ಚ್ ೧೯೮೭
ಕಬ್ಬೂರ

ಲಗಮಣ್ಣ ಮಾಸ್ತರರಿಗೆ,

ಅವ್ವನನ್ನು ನಿನ್ನೆ ಇಲ್ಲಿಗೆ ಕರೆತಂದೆ. ಶಸ್ತ್ರಚಿಕಿತ್ಸೆಯಿಂದ ಉಪಯೋಗವಿಲ್ಲ. ರಕ್ತ ಸೋಸುವ ಯಂತ್ರಕ್ಕೆ ಮುಂಬಯಿಗೆ ಹೋಗಬೇಕು, ಅದೂ ವಾರಕ್ಕೆ ಎರಡು ಸಲ, ಇರುವಷ್ಟು ದಿನ. ಅವ್ವ ಬೇಡವೆಂದಳು. ದೇಹದಿಂದ ನೀರು ಹೊರಗೆ ಹೋಗುವುದು ಬಹುತೇಕ ನಿಂತಿರುವುದರಿಂದ ಒಳಗೆ ಹೋಗುವುದನ್ನೂ ತಡೆಯಬೇಕಂತೆ. ಚಹಾ, ಗಂಜಿ, ಔಷಧದ ನೀರು ಎಲ್ಲ ಸೇರಿ ದಿನಕ್ಕೆ ಎರಡು ಗಿಲಾಸು. ಅದಕ್ಕಿಂತ ಹೆಚ್ಚಾದರೆ ಎದೆಯಲ್ಲಿ ತುಂಬಿಕೊಳ್ಳುತ್ತದೆ.

ನಿಮ್ಮ ಪತ್ರ ನನಗೆ ಒಂಬತ್ತನೇ ತಾರೀಖು ಸಿಕ್ಕಿತು. ಅದಕ್ಕಿಂತ ನಾಲ್ಕೂವರೆ ತಿಂಗಳು ಮೊದಲು ಸಿಗಬೇಕಿತ್ತು.

ಮನೆಯ ಕೀಲಿ ಜನಾಬಾಯಿಯ ಹತ್ತಿರ ಇರಲಿ. ನೀವು ನಮಗೆ ಬರೆಯುವ ಅಗತ್ಯವಿಲ್ಲ.

ಸುಂದರಾ


೧೪ ಏಪ್ರಿಲ್ ೧೯೮೭
ನಿಪ್ಪಾಣಿ

ಚಿ. ಸುಂದರಾ,

ಬರೆಯಬೇಡಿ ಎಂದಿದ್ದೀ. ಎರಡು ಸಂಗತಿ ತಿಳಿಸಿ ನಿಲ್ಲಿಸುತ್ತೇನೆ.

ಒಂದು: ನಾಲ್ಕು ದಿನದ ಹಿಂದೆ ಜನಾಬಾಯಿ ಮತ್ತು ವಖಾರಿಯ ಹದಿನೆಂಟು ಹೆಂಗಸರು ನನ್ನ ಮನೆಗೆ ಬಂದರು. ಮಾಲೀಕರಿಗೆ ಒಂದು ಅರ್ಜಿ ಬರೆದುಕೊಡಿ ಎಂದರು, ಕುಡಿಯುವ ನೀರಿಗೆ ಮತ್ತು ಪಾಯಖಾನೆಗೆ. ನಾನು "ಹೆಣ್ಣುಮಕ್ಕಳಿಗೆ ಅವಶ್ಯಕ ಅನುಕೂಲತೆಗಳು" ಎಂದು ಬರೆದು ಓದಿ ತೋರಿಸಿದೆ. ಜನಾಬಾಯಿ, "ಅದೇನ್ರಿ ಅನುಕೂಲತೆ? ಕುರ್ಚಿ ಕೇಳಾಕತ್ತೀವೇನ ನಾವು? ನಾಚ್ಕಿ ಬಿಟ್ಟ ಬರೀರಿ ಮಾಸ್ತರ್. ಸಕ್ಕುಬಾಯಿಗಿ ಏನಾತು ಅದನ್ನ ಬರೀರಿ" ಅಂದಳು. ಹಾಳೆ ಹರಿದು ಮತ್ತೆ ಬರೆದೆ. ಭೀಮಸಿ ಬಾಗಿಲು ಮುಚ್ಚಿದ ದಿನವನ್ನು ತಾರೀಖು ಹಾಕಿ ಬರೆದೆ. ಹತ್ತೊಂಬತ್ತು ಹೆಬ್ಬೆಟ್ಟು ಬಿದ್ದವು. ನಿನ್ನ ಅವ್ವನ ಹೆಸರನ್ನು ಅವರನ್ನು ಕೇಳದೆ ಬರೆದಿದ್ದೇನೆ. ಮಾಲೀಕರು ಇನ್ನೂ ಉತ್ತರ ಕೊಟ್ಟಿಲ್ಲ. ಇಬ್ಬರನ್ನು ಕೆಲಸಕ್ಕೆ ಬರಬೇಡಿ ಎಂದಿದ್ದಾರೆ. ಉಳಿದವರು ಅವರಿಲ್ಲದೆ ಒಳಗೆ ಹೋಗುತ್ತಿಲ್ಲ.

ಎರಡು: ಮನೆಯ ಮಾಲೀಕ ಭಾವುಸಾಹೇಬರು ಓಣಿಯ ಎಲ್ಲ ಮನೆಗಳಿಗೂ ಸುಣ್ಣ ಹೊಡೆಸುತ್ತಿದ್ದಾರೆ. ನಿಮ್ಮ ಒಲೆಯ ಪಕ್ಕದ ಗೋಡೆ ಬಿಡಿ ಎಂದು ನಾನು ಕೇಳಿಕೊಂಡೆ. "ಏನೈತ್ರಿ ಅಲ್ಲಿ, ಮಸಿ!" ಎಂದರು. ನೀನು ಹೇಳುವವರೆಗೆ ಬಿಟ್ಟಿರುತ್ತಾರೆ.

ತುಳಸಿ ಒಣಗುತ್ತಿದೆ. ನಾನು ನೀರು ಹಾಕುತ್ತೇನೆ. ಆದರೂ.

ಲಗಮಣ್ಣ


೨ ಮೇ ೧೯೮೭
ಕಬ್ಬೂರ, ಮಧ್ಯಾಹ್ನ

ಕಾಕಾ,

ನಿಮ್ಮ ಪತ್ರವನ್ನು ಅವ್ವನಿಗೆ ಓದಿ ಹೇಳಿದೆ. ಅರ್ಜಿಯಲ್ಲಿ ಅವಳ ಹೆಸರು ಬರೆದದ್ದಕ್ಕೆ ಸಿಟ್ಟಾಗುತ್ತಾಳೆ ಎಂದುಕೊಂಡಿದ್ದೆ. "ಮಾಸ್ತರು ಚಲೋ ಅಕ್ಷರದಾಗ ಬರದಾರೋ ಇಲ್ಲೋ?" ಎಂದು ಕೇಳಿದಳು.

ಇಲ್ಲಿಯ ಸ್ಥಿತಿ ಬರೆಯುತ್ತೇನೆ. ಎರಡು ಗಿಲಾಸನ್ನು ಎಂಟು ಪಾಲು ಮಾಡಿದ್ದೇನೆ. ಸ್ಟೀಲ್ ಗಿಲಾಸಿನ ಒಳಗೆ ಕಾಲು ಭಾಗಕ್ಕೆ ಮೊಳೆಯಿಂದ ಒಂದು ಗೆರೆ ಕೊರೆದು, ದಿನಕ್ಕೆ ಎಂಟು ಸಲ ಅಲ್ಲಿಯವರೆಗೆ ಹೊಯ್ದು ಕೊಡುತ್ತೇನೆ. ಮೊದಮೊದಲು ಅವಳು ಒಂದೇ ಗುಟುಕಿಗೆ ಕುಡಿದು ಗಿಲಾಸನ್ನು ಬೆಳಕಿಗೆ ಹಿಡಿದು ನೋಡುತ್ತಿದ್ದಳು. ಈಗ ಬಾಯಲ್ಲಿ ಇಟ್ಟುಕೊಂಡು ಕೂರುತ್ತಾಳೆ, ನುಂಗುವುದಿಲ್ಲ. ಮುಖ ತೊಳೆಯಲು ಕೊಟ್ಟ ನೀರನ್ನು ಕುಡಿದಳು ಎಂದು ರುಕ್ಮವ್ವ ಹೇಳಿದ ಮೇಲೆ ಒದ್ದೆ ಬಟ್ಟೆಯಿಂದ ಒರೆಸತೊಡಗಿದೆ. ಆಮೇಲೆ ಆ ಬಟ್ಟೆಯ ತುದಿಯನ್ನು ಚೀಪುತ್ತಿದ್ದದ್ದನ್ನು ನಾನೇ ಕಂಡೆ. ಬಟ್ಟೆಯನ್ನು ಕಸಿದುಕೊಂಡೆ. ಅವಳು ಅಳಲಿಲ್ಲ, ನಕ್ಕಳು. "ಆ ಭೀಮಸಿನ ಚಲೋ ಇದ್ದ ಬೇ. ಅಂವಗ ಬಾಗಲ ತಗಿ ಅಂತ ಕೇಳಾಕಾರ ಬರತಿತ್ತು. ನೀ ಅವ್ನಕಿಂತ ಬಿರಸ ಮುಕಾದಮ ಆದಿ" ಎಂದಳು.

ಕುಡಿಯುವ ನೀರಿನ ಹರವಿಯನ್ನು ಕೇಂದ್ರದ ಕಡೆ ಇಟ್ಟು ನಡುವಿನ ಬಾಗಿಲಿಗೆ ಕೀಲಿ ಹಾಕಿದ್ದೇನೆ. ಕೀಲಿ ನನ್ನ ಸೊಂಟದಲ್ಲಿರುತ್ತದೆ. ಅದೂ ತಪ್ಪಾಯಿತು. ಬಿಸಿಲಿನಲ್ಲಿ ನಡೆದು ಬಂದ ರೋಗಿಗಳು ಬಾಗಿಲ ಆಚೆ ಹರವಿಯಲ್ಲಿ ತಂಬಿಗೆ ಅದ್ದುತ್ತಾರೆ. ಆ ಸದ್ದು ಅವಳ ಹಾಸಿಗೆಗೆ ಕೇಳುತ್ತದೆ. "ಈಗ ಬಂದಾಂವ ಎರಡ ತಂಬಗಿ ಕುಡದ" ಎಂದು ನನಗೆ ಹೇಳುತ್ತಾಳೆ.

ಕೋಣೆಯ ಗೋಡೆಯ ಮೇಲೆ ನನ್ನ ಚಿತ್ರದ ಹಾಳೆ ಇತ್ತು. ಹೆಂಗಸೊಬ್ಬಳು ಗಿಲಾಸು ಎತ್ತಿ ನೀರು ಕುಡಿಯುವ ಚಿತ್ರ. "ಅದರಾಗ ಏನ ಬರದೈತಿ?" ಎಂದು ಕೇಳಿದಳು. ಬಾಯಾರುವವರೆಗೆ ಕಾಯಬೇಡಿ ಎಂದು ಬರೆದಿದೆ ಎಂದು ಹೇಳಲು ನನ್ನಿಂದ ಆಗಲಿಲ್ಲ. ಮದ್ದಿನ ಹೆಸರು ಎಂದೆ. ನೀವು ಹೇಳದೆ ಬಿಟ್ಟದ್ದನ್ನು ನಾನು ಎಣಿಸಿ ಇಟ್ಟಿದ್ದೆ, ಕಾಕಾ. ಈಗ ನನ್ನದೂ ಅದರಲ್ಲಿ ಸೇರಿತು. ಮರುದಿನ ಹಾಳೆಯನ್ನು ಇಳಿಸಿದೆ.

ಇಪ್ಪತ್ತಾರನೇ ತಾರೀಖು ಅವಳು ಹುಣಸೆ ಬೀಜ ಕೇಳಿದಳು. ಹೋದ ವರ್ಷ ಬಿಡು ಎಂದು ನಾನೇ ಬರೆದಿದ್ದೆ. ಅಡುಗೆಮನೆಯ ಡಬ್ಬಿಯಲ್ಲಿ ಹುಡುಕಿ, ತೊಳೆದು, ನಾನೇ ಅವಳ ನಾಲಿಗೆಯ ಕೆಳಗೆ ಇಟ್ಟೆ. ಅವಳು ಕಣ್ಣು ಮುಚ್ಚಿಕೊಂಡಳು. ಒಣಗಿದ ಬಾಯಲ್ಲಿ ಬೀಜ ಹಲ್ಲಿಗೆ ತಾಗುವ ಸಣ್ಣ ಸದ್ದು. ಶಾಲೆಯ ಬೆಂಚಿನ ಮೇಲೆ ಕೂತು ನಾನು ಮಾಡುತ್ತಿದ್ದ ಸದ್ದು ಅದೇ.

ಮೊನ್ನೆ ಚಿಕ್ಕೋಡಿಯ ದೊಡ್ಡ ಡಾಕ್ಟರರು ಬಂದು ನೋಡಿದರು. ಗೋಡೆಯ ವಿಷಯ ಬರೆದುಕೊಂಡವರು ಅವರೇ. ಅದನ್ನು ಅವರು ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಅಂಗಳಕ್ಕೆ ಕರೆದು, ಹೀಗೇ ನೀರನ್ನು ಮಿತಿಯಲ್ಲಿ ಹಿಡಿದರೆ ಇನ್ನು ಮೂರು ವಾರ ಎಂದರು. ಹಿಡಿಯದಿದ್ದರೆ ಎಂದು ಕೇಳಿದೆ. "ಕೆಲವು ದಿನ. ಕೊನೆಗೆ ಉಸಿರಿಗೆ ತ್ರಾಸಾಗುತ್ತದೆ, ಅದಕ್ಕೆ ಸೂಜಿ ಕೊಡಬಹುದು. ನಾನು ಡಾಕ್ಟರ್ ಆಗಿ ಹೇಳುವುದು ಎರಡು ಗಿಲಾಸು, ಅಷ್ಟೇ" ಎಂದರು. ಆ ಸೂಜಿಯ ಔಷಧವನ್ನು ಹೋಗುವ ಮೊದಲು ಮೇಜಿನ ಮೇಲೆ ಇಟ್ಟು ಹೋದರು.

ನಿನ್ನೆ ಅವ್ವ ನನ್ನ ಕೈ ಹಿಡಿದು ಹೇಳಿದಳು. "ಸುಂದ್ರಾ, ಇಪ್ಪತ್ತಾರ ವರ್ಸ ನನಗ ನಾನ ನೀರ ಕೊಡಲಿಲ್ಲ. ನಿನ್ನ ತಪ್ಪ ಏನೂ ಇಲ್ಲ. ಆದ್ರ ಆ ನಾಕ ದಿನ ನೀ ಕುಡಸಿದ್ದಿ ನೋಡ, ಅದ ಬಾಯಾಗ ಕುಂತೈತಿ. ಅದೊಂದ ಸಲ ಇನ್ನೊಮ್ಮೆ. ಸಾಕ ಅನ್ನೂಮಟ." ನಾನು ಸುಳ್ಳು ಹೇಳಲಿಲ್ಲ. ಕುಡಿದರೆ ಏನಾಗುತ್ತದೆ, ಎಷ್ಟು ದಿನ ಕಡಿಮೆಯಾಗುತ್ತದೆ, ಉಸಿರು ಹೇಗೆ ಕಟ್ಟುತ್ತದೆ, ಎಲ್ಲವನ್ನೂ ಊರಿನವರಿಗೆ ಹೇಳುವಂತೆ ಬಿಡಿಸಿ ಹೇಳಿದೆ. ಎಲ್ಲ ಕೇಳಿಸಿಕೊಂಡು, "ಆತು. ನೀನೂ ಬಾಜೂಕ ಕುಂತ ಕುಡಿ. ನಿನ್ನ ತುಟಿ ನೋಡ್ಕೊ" ಎಂದಳು. ಹೌದು, ಅವಳ ಕಣ್ಣೆದುರು ಕುಡಿಯಲಾಗದೆ ನಾನೂ ಈ ಆರು ವಾರ ಸರಿಯಾಗಿ ನೀರು ಕುಡಿದಿಲ್ಲ. ಅವಳು ಅದನ್ನೂ ಲೆಕ್ಕ ಇಟ್ಟಿದ್ದಾಳೆ.

ಕಾಕಾ, ಈ ಪತ್ರವನ್ನು ಅಣ್ಣಾಸಾಬರ ಬಸ್ಸಿನಲ್ಲಿ ಕಳಿಸುತ್ತೇನೆ, ನೀವು ಸೋಮವಾರದ ಬಸ್ಸಿಗೆ ಬರಬೇಕು. ಅವ್ವ ಜನಾಬಾಯಿಗೆ ಒಂದು ಪತ್ರ ಹೇಳುವುದಿದೆಯಂತೆ. ನಾನು ಬರೆಯುತ್ತೇನೆಂದರೆ ಬೇಡ, ನಾನು ತಿದ್ದುತ್ತೇನಂತೆ. ಬರುವಾಗ ದಾರಿಯಲ್ಲಿ ಅಕ್ಕೋಳಕ್ಕೆ ಇಳಿದು, ಅವಳ ಅಪ್ಪನ ಹೊಲದ ಬಾವಿಯಿಂದ ಹಸಿರು ಬಾಟಲಿ ತುಂಬಿಕೊಂಡು ಬನ್ನಿರಿ. ಕಾಸುವುದು ಬೇಡ. ಗೋಡೆಗೆ ಸುಣ್ಣ ಹೊಡೆಯಲಿ ಎಂದು ಭಾವುಸಾಹೇಬರಿಗೆ ಹೇಳಿರಿ.

ಆದರೆ ಸೋಮವಾರದವರೆಗೆ ಅವಳನ್ನು ಕಾಯಿಸುವುದಿಲ್ಲ. ಈಗ ಮೂರೂಕಾಲು ಗಂಟೆ. ಅವಳು ಮಲಗಿದ್ದಾಳೆ, ನಾಲ್ಕಕ್ಕೆ ಏಳುತ್ತಾಳೆ. ಎದ್ದ ಮೇಲೆ ಹರವಿಯನ್ನು ಒಳಗೆ ತಂದು ಅವಳ ಬಲಗೈಗೆ ಎಟುಕುವಷ್ಟು ಹತ್ತಿರ ಇಟ್ಟು, ಗೆರೆಯಿಲ್ಲದ ಗಿಲಾಸಿನಲ್ಲಿ, ಅವಳು ಸಾಕು ಎನ್ನುವವರೆಗೆ ಕೊಡುವುದು ಎಂದು ನಿಶ್ಚಯಿಸಿದ್ದೇನೆ. ಕೀಲಿಯನ್ನು ಸೊಂಟದಿಂದ ತೆಗೆದು ಈ ಹಾಳೆಯ ಪಕ್ಕದಲ್ಲಿ ಇಟ್ಟಿದ್ದೇನೆ. ಬಾಗಿಲನ್ನು ಇನ್ನೂ ತೆರೆದಿಲ್ಲ.

ನಿಮ್ಮ
ಸುಂದರಾ